ರಜೆ ಮುಗಿಯುತ್ತಿದೆ, ಅಳು ಮುಗಿದಿಲ್ಲ

ಪ್ರಶ್ನೆ: ನನಗೆ 41 ವರ್ಷ. ಕೊಡಗಿನ ಪೊನ್ನಂಪೇಟೆ ಕಡೆಯ ಒಂದು ಕೃಷಿ ಪತ್ತಿನ ಸಹಕಾರ ಸಂಘದಲ್ಲಿ ಗುಮಾಸ್ತೆಯಾಗಿದ್ದೇನೆ. ಎರಡು ವರ್ಷ ಹಾಸಿಗೆ ಹಿಡಿದಿದ್ದ ಅಮ್ಮನಿಗೆ ಗಂಜಿ ಕುಡಿಸಲು ದಿನವೂ ಮಧ್ಯಾಹ್ನ ಮನೆಗೆ ಓಡುತ್ತಿದ್ದೆ. ಕಳೆದ ಕಕ್ಕಡದಲ್ಲಿ, ಅಂದರೆ ಜುಲೈ-ಆಗಸ್ಟ್ ನಡುವಿನ ಕೊಡವ ತಿಂಗಳಲ್ಲಿ, ಅವರು ತೀರಿಕೊಂಡ ಮೇಲೆ ನನಗೆ ನಿದ್ರೆಯೂ ಊಟವೂ ದೂರವಾದವು. ವೈದ್ಯರು ಖಿನ್ನತೆ ಎಂದರು. ನಾಲ್ಕು ತಿಂಗಳಿಂದ ಮಾತ್ರೆ ನುಂಗುತ್ತಿದ್ದೇನೆ, ರಜೆಯಲ್ಲಿದ್ದೇನೆ. ಈಗ ಎಷ್ಟೋ ವಾಸಿ. ಮಾರ್ಚ್ ಮೊದಲ ವಾರ ಕೆಲಸಕ್ಕೆ ಸೇರಬೇಕು. ಕೌಂಟರಿನಲ್ಲಿ ಅತ್ತುಬಿಟ್ಟರೆ ಎಂಬ ಭಯವಿದೆ. ಬೆಳಿಗ್ಗೆ ಮಂಪರು ಇರುವುದರಿಂದ ಮಾತ್ರೆ ನಿಲ್ಲಿಸಿ ಹೋಗಲೇ? ಅಥವಾ ಪೂರ್ತಿ ಗುಣವಾಗುವವರೆಗೆ ರಜೆ ಮುಂದುವರಿಸಲೇ?

ಉತ್ತರ: ಸೋದರಿ, ದಯವಿಟ್ಟು ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಖಿನ್ನತೆಯ ಮಾತ್ರೆಯನ್ನು ಮನಸ್ಸು ತಿಳಿಯಾದ ಬಳಿಕವೂ ಸಾಮಾನ್ಯವಾಗಿ ಕನಿಷ್ಠ 6 ತಿಂಗಳು ಮುಂದುವರಿಸಬೇಕಾಗುತ್ತದೆ. ಒಮ್ಮೆಲೇ ಬಿಟ್ಟರೆ ತಲೆಸುತ್ತು, ವಾಕರಿಕೆ, ನಿದ್ರೆಗೇಡು ಕಾಡಬಹುದು, ಕಾಯಿಲೆಯೂ ಮರಳಬಹುದು. ಮಂಪರಿನ ವಿಷಯವನ್ನು ಸೇರುವ ಮೊದಲೇ ವೈದ್ಯರಿಗೆ ತಿಳಿಸಿ. ಮಾತ್ರೆಯ ಹೊತ್ತನ್ನೋ ಪ್ರಮಾಣವನ್ನೋ ಬದಲಿಸಿ ಅವರು ಅದಕ್ಕೆ ದಾರಿ ಹುಡುಕುತ್ತಾರೆ.

ವೈದ್ಯರು ಒಪ್ಪಿದರೆ ಕೆಲಸಕ್ಕೆ ಹೋಗಿ ಎಂದೇ ನನ್ನ ಸಲಹೆ, ಆದರೆ ಮೊದಲ ದಿನವೇ ಹಳೆಯ ಭಾರವನ್ನೆಲ್ಲ ಹೊರಬೇಡಿ. ಬೇಸರ ಕಡಿಮೆಯಾದ ಮೇಲೂ ಏಕಾಗ್ರತೆ ಮತ್ತು ನೆನಪು ಸರಿಹೋಗಲು ಹಲವರಿಗೆ ಇನ್ನಷ್ಟು ಕಾಲ ಹಿಡಿಯುತ್ತದೆ, ಮತ್ತು ನೀವು ಸೇರುತ್ತಿರುವುದು ಬೆಳೆಸಾಲ ಕಟ್ಟಿ ನವೀಕರಿಸಿಕೊಳ್ಳಲು ಬೆಳೆಗಾರರು ಸಾಲುಗಟ್ಟಿ ನಿಲ್ಲುವ ತಿಂಗಳಲ್ಲಿ. ಆದ್ದರಿಂದ ಮೊದಲ ಎರಡು ವಾರ ಅರ್ಧ ದಿನದ ಕೆಲಸವನ್ನೂ, ನಗದು ಕೌಂಟರಿನ ಬದಲು ಒಳಗಿನ ಲೆಕ್ಕದ ಪುಸ್ತಕಗಳನ್ನೂ ಕೊಡುವಂತೆ ಕಾರ್ಯದರ್ಶಿಯವರನ್ನು ಈಗಲೇ ಕೇಳಿಕೊಳ್ಳಿ. ನೀವು ಕೂಡಿಸಿದ್ದನ್ನು ಇನ್ನೊಬ್ಬರು ಒಮ್ಮೆ ನೋಡಲಿ. ಹಗುರ ಕೆಲಸ ಕೊಡಬೇಕೆಂದು ವೈದ್ಯರೇ ಪ್ರಮಾಣಪತ್ರದಲ್ಲಿ ಬರೆದುಕೊಟ್ಟರೆ ಕೇಳುವ ಸಂಕೋಚ ಕಡಿಮೆಯಾಗುತ್ತದೆ. ಕಾಯಿಲೆಯ ಹೆಸರನ್ನು ಸಹೋದ್ಯೋಗಿಗಳಿಗೆಲ್ಲ ಹೇಳಬೇಕಾಗಿಲ್ಲ. ಚಿಕಿತ್ಸೆಯ ವಿವರ ಗೋಪ್ಯವಾಗಿರುವುದು 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ನಿಮಗೆ ಕೊಟ್ಟ ಹಕ್ಕು.

ಇನ್ನು ಅಳುವಿನ ಮಾತು. ನಮ್ಮ ಊರುಗಳಲ್ಲಿ ಸಾವಿನ ಸುದ್ದಿ ತಿಳಿದವರು ವಿಚಾರಿಸದೆ ಇರುವುದಿಲ್ಲ. ಪ್ಲಾಸ್ಟಿಕ್ ಕವರಿನಿಂದ ಪಾಸ್‌ಬುಕ್ ತೆಗೆಯುತ್ತಲೇ ಹಿರಿಯರೊಬ್ಬರು, ‘ಅಮ್ಮ ಹೋದರಂತಲ್ಲ ಮಗಳೇ’ ಎನ್ನುತ್ತಾರೆ. ‘ಹೌದು ಮಾವ, ಕಕ್ಕಡದಲ್ಲಿ’ ಎಂಬಷ್ಟನ್ನು ಮನೆಯಲ್ಲೇ ನಾಲ್ಕು ಸಲ ಬಾಯಿಬಿಟ್ಟು ಹೇಳಿ ರೂಢಿಸಿಕೊಳ್ಳಿ; ಅದರ ಬೆನ್ನಿಗೇ, ‘ನಿಮ್ಮ ತೋಟಕ್ಕೆ ಎಷ್ಟು ಸೆಂಟ್ ಮಳೆಯಾಯಿತು?’ ಎಂದು ಕೇಳಿ (ಮಳೆಯ ಲೆಕ್ಕದಲ್ಲಿ ಸೆಂಟ್ ಎಂದರೆ ಇಂಚಿನ ನೂರನೇ ಒಂದು ಭಾಗ). ಕಾಫಿ ಗಿಡಗಳನ್ನು ಅರಳಿಸುವ ಹೂಮಳೆಗೆ ಕಾಯುವ ಮಾರ್ಚಿನಲ್ಲಿ ಈ ಪ್ರಶ್ನೆಗೆ ಉತ್ತರಿಸದೆ ಹೋಗುವ ಬೆಳೆಗಾರ ಕೊಡಗಿನಲ್ಲಿ ಇರಲಾರ, ಅಷ್ಟರಲ್ಲಿ ನಿಮಗೆ ಉಸಿರಾಡಲು ಎಡೆ ಸಿಗುತ್ತದೆ. ಆದರೂ ಕಣ್ಣೀರು ಬಂದರೆ ಎದ್ದು ಹೋಗಿ ನೀರು ಕುಡಿದು ಬನ್ನಿ. ಅಮ್ಮನಿಗಾಗಿ ಅತ್ತ ಮಗಳನ್ನು ಯಾರೂ ತಪ್ಪು ತಿಳಿಯುವುದಿಲ್ಲ.

ಮತ್ತೆ ನಿದ್ರೆ ಹೋದರೆ, ಬದುಕು ಸಾಕೆನಿಸಿದರೆ ಮಾತ್ರ ಒಂದು ದಿನವೂ ಕಾಯದೆ ವೈದ್ಯರನ್ನು ಕಾಣಿ. ನಡುರಾತ್ರಿಯಾದರೂ 14416ಕ್ಕೆ, ಅಂದರೆ ಟೆಲಿ ಮಾನಸ್ ಸಹಾಯವಾಣಿಗೆ, ಕರೆ ಮಾಡಿ ಕನ್ನಡದಲ್ಲೇ ಉಚಿತವಾಗಿ ಮಾತನಾಡಬಹುದು.

ಕೌಂಟರಿಗಿಂತ ನನಗೆ ಹೆಚ್ಚು ಚಿಂತೆಯಿರುವುದು ನಿಮ್ಮ ಮಧ್ಯಾಹ್ನದ ಬಗ್ಗೆ. ಎರಡು ವರ್ಷ ಆ ಹೊತ್ತಿಗೆ ಕಾಲು ತಾನಾಗಿ ಮನೆಯ ಕಡೆ ತಿರುಗುತ್ತಿತ್ತು. ಈಗ ಗಂಜಿಗೆ ಕಾಯುವವರಿಲ್ಲ. ಪೂರ್ತಿ ದಿನದ ಕೆಲಸ ಶುರುವಾದಾಗ ಆ ಹೊತ್ತನ್ನು ಒಂಟಿಯಾಗಿ ಎದುರಿಸಬೇಡಿ. ಬುತ್ತಿ ಕಟ್ಟಿಕೊಂಡು ಹೋಗಿ, ಜೊತೆಗೆ ಕೂತು ಉಣ್ಣಲು ಬರುವಂತೆ ಸಹೋದ್ಯೋಗಿಯೊಬ್ಬರಿಗೆ ಹಿಂದಿನ ದಿನವೇ ಹೇಳಿಡಿ.