ಗೃಹಮಂತ್ರಿ, ಗುಮ್ಮಟ ಮತ್ತು ಕಪ್ಪು ಚೀಲ

ಮಾನ್ಯರೇ,

ನಮಸ್ಕಾರ. ನೌಕಾಪಡೆಗೆ ಮೀಸಲಾಗಿದ್ದ ತೈಲಕ್ಷೇತ್ರಗಳನ್ನು ಮಂತ್ರಿ ಆಲ್ಬರ್ಟ್ ಫಾಲ್ ಲಂಚ ಪಡೆದು ಖಾಸಗಿ ಕಂಪನಿಗಳಿಗೆ ಗುತ್ತಿಗೆ ಕೊಟ್ಟ, 1920ರ ದಶಕದಲ್ಲಿ ಅಮೆರಿಕದ ರಾಜಕೀಯವನ್ನು ಅಲ್ಲಾಡಿಸಿದ ಟೀಪಾಟ್ ಡೋಮ್ ತೈಲ ಹಗರಣದ ಬಗ್ಗೆ ತಾವು ಕಳುಹಿಸಿದ ಹದಿನಾಲ್ಕು ಪುಟಗಳ ಲೇಖನವನ್ನು ಎರಡು ಬಾರಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗುವುದಿಲ್ಲ. ಹಾಗೆಂದು 'ವಿಷಾದದಿಂದ ಹಿಂತಿರುಗಿಸಿದೆ' ಎಂಬ ಚೀಟಿ ಅಂಟಿಸಿ ಕೈತೊಳೆದುಕೊಳ್ಳಲು ಮನಸ್ಸು ಬರಲಿಲ್ಲ. ಒಂಬತ್ತನೆಯ ಪುಟದಲ್ಲಿರುವ ಒಂದು ಪ್ಯಾರಾ ಅದಕ್ಕೆ ಕಾರಣ. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲು ಪದಗಳ ಮಾತು. ಆಲ್ಬರ್ಟ್ ಫಾಲ್‌ನನ್ನು ತಾವು ಲೇಖನದುದ್ದಕ್ಕೂ 'ಗೃಹಮಂತ್ರಿ' ಎಂದು ಕರೆದಿದ್ದೀರಿ. ನಮ್ಮ ಓದುಗರಿಗೆ ಗೃಹಮಂತ್ರಿ ಎಂದ ಕೂಡಲೇ ಕಣ್ಣಮುಂದೆ ಬರುವುದು ಪೊಲೀಸ್ ಇಲಾಖೆ. ಫಾಲ್ ವಹಿಸಿಕೊಂಡಿದ್ದ ಇಂಟೀರಿಯರ್ ಖಾತೆಗೆ ಪೊಲೀಸರೊಂದಿಗೆ ಸಂಬಂಧವಿರಲಿಲ್ಲ; ಪಶ್ಚಿಮ ರಾಜ್ಯಗಳ ಅಪಾರ ಸರ್ಕಾರಿ ಜಮೀನು ಮತ್ತು ಅದರಡಿಯ ಖನಿಜದ ಉಸ್ತುವಾರಿ ಆ ಖಾತೆಯದು. ಇದು ಸ್ಪಷ್ಟವಾಗದಿದ್ದರೆ ಗೃಹಮಂತ್ರಿಗೂ ಎಣ್ಣೆ ಬಾವಿಗೂ ಎತ್ತಣಿಂದೆತ್ತ ಸಂಬಂಧ ಎಂದು ಓದುಗ ಎರಡನೆಯ ಪುಟದಲ್ಲೇ ತಲೆ ಕೆರೆದುಕೊಳ್ಳುತ್ತಾನೆ. ಹಾಗೆಯೇ 'ಟೀಪಾಟ್ ಗುಮ್ಮಟ' ಎಂಬ ತಮ್ಮ ಅನುವಾದ. ಅದನ್ನು ಓದುವಾಗ ನನಗೆ ವಿಜಯಪುರವೇ ನೆನಪಾಯಿತು. ಟೀಪಾಟ್ ಡೋಮ್‌ನಲ್ಲಿ ಯಾರೂ ಗುಮ್ಮಟ ಕಟ್ಟಿರಲಿಲ್ಲ. ನೆಲದಡಿಯ ಕಲ್ಲಿನ ಪದರಗಳು ಬೋರಲು ಹಾಕಿದ ಬಾಣಲೆಯಂತೆ ಮೇಲಕ್ಕೆ ಉಬ್ಬಿದಾಗ ಅದರಡಿ ಎಣ್ಣೆ ಸಿಕ್ಕಿಕೊಳ್ಳುತ್ತದೆ. ಭೂವಿಜ್ಞಾನಿಗಳು ಅಂಥ ಉಬ್ಬನ್ನು ಡೋಮ್ ಎನ್ನುತ್ತಾರೆ. ವಯೋಮಿಂಗ್ ರಾಜ್ಯದ ಕ್ಯಾಸ್ಪರ್ ಪಟ್ಟಣದ ಉತ್ತರಕ್ಕೆ, ಚಹಾ ಕೆಟಲ್‌ನಂತೆ ಕಾಣುತ್ತಿದ್ದ ಒಂದು ಮರಳುಗಲ್ಲಿನ ಬಂಡೆಯಿಂದ ಈ ಜಾಗಕ್ಕೆ ಹೆಸರು ಬಂತು. ಹೆಸರನ್ನು ಅನುವಾದಿಸದೆ ಹಾಗೆಯೇ ಬಿಡಿ.

ಮೊದಲ ಮೂರು ಪುಟಗಳಲ್ಲಿ ಮನುಷ್ಯನ ದುರಾಸೆಯ ಮೇಲೆ ತಾವು ಬರೆದಿರುವುದನ್ನೆಲ್ಲ ತೆಗೆದುಬಿಡಿ ಎಂದರೆ ಬೇಸರಪಡಬಾರದು. ಅಲ್ಲಿ ಬರಬೇಕಾದದ್ದು ಆ ಎಣ್ಣೆಯನ್ನು ನೆಲದಲ್ಲೇ ಬಿಟ್ಟಿದ್ದೇಕೆ ಎಂಬ ಸಂಗತಿ, ಮತ್ತು ಅದು ತಮ್ಮ ಲೇಖನದಲ್ಲಿ ಎಲ್ಲಿಯೂ ಇಲ್ಲ. ಅಮೆರಿಕದ ನೌಕಾಪಡೆ ಕಲ್ಲಿದ್ದಲನ್ನು ಬಿಟ್ಟು ತೈಲದಿಂದ ಓಡುವ ಹಡಗುಗಳಿಗೆ ಬದಲಾಗುತ್ತಿದ್ದ ಕಾಲ ಅದು. ಯುದ್ಧ ಬಂದಾಗ ಕೊರತೆಯಾಗದಿರಲೆಂದು 1912ರಲ್ಲಿ ಕ್ಯಾಲಿಫೋರ್ನಿಯಾದ ಎಲ್ಕ್ ಹಿಲ್ಸ್ ಮತ್ತು ಬ್ಯೂನ ವಿಸ್ಟಾ ಹಿಲ್ಸ್, 1915ರಲ್ಲಿ ಟೀಪಾಟ್ ಡೋಮ್ ಕ್ಷೇತ್ರಗಳನ್ನು ನೌಕಾಪಡೆಗಾಗಿ ಮೀಸಲಿಡಲಾಯಿತು. 1921ರ ಮೇ 31ರಂದು ಅಧ್ಯಕ್ಷ ಹಾರ್ಡಿಂಗ್ ಹೊರಡಿಸಿದ ಆದೇಶದಿಂದ ಈ ಮೀಸಲುಗಳ ಆಡಳಿತ ನೌಕಾ ಖಾತೆಯಿಂದ ಫಾಲ್‌ನ ಕೈಗೆ ಬಂತು; ನೌಕಾ ಸಚಿವ ಎಡ್ವಿನ್ ಡೆನ್ಬಿ ಒಪ್ಪಿಗೆ ಕೊಟ್ಟಿದ್ದ. ಹಗರಣದ ಬೀಜ ಇರುವುದು ಆ ಒಂದು ಹಾಳೆಯಲ್ಲಿ. ತಾವು ಅದನ್ನು ಅರ್ಧ ವಾಕ್ಯದಲ್ಲಿ ಮುಗಿಸಿದ್ದೀರಿ.

ಪಕ್ಕದ ಬಾವಿಗಳು ಮೀಸಲು ಎಣ್ಣೆಯನ್ನು ಹೀರಿಕೊಳ್ಳುತ್ತಿವೆ ಎಂಬ ಫಾಲ್‌ನ ವಾದವನ್ನು ತಾವು 'ಹಸಿ ಸುಳ್ಳು' ಎಂದು ತಳ್ಳಿಹಾಕಿರುವುದೂ ಸರಿಯಲ್ಲ. ಟೀಪಾಟ್ ಡೋಮ್‌ಗೆ ಹೊಂದಿಕೊಂಡೇ ಖಾಸಗಿ ಕಂಪನಿಗಳು ಎಣ್ಣೆ ತೆಗೆಯುತ್ತಿದ್ದ ಸಾಲ್ಟ್ ಕ್ರೀಕ್ ಎಂಬ ದೊಡ್ಡ ತೈಲಕ್ಷೇತ್ರವಿತ್ತು. ಪಕ್ಕದ ತೋಟದವನು ಸಾವಿರ ಅಡಿ ಬೋರ್‌ವೆಲ್ ಕೊರೆಸಿದ ವರ್ಷವೇ ನಮ್ಮ ಬಾವಿ ಬತ್ತುವುದನ್ನು ಕಂಡ ಓದುಗರಿಗೆ ಆ ಭಯ ವಿವರಿಸದೆಯೇ ಅರ್ಥವಾಗುತ್ತದೆ. ಭಯ ಎಷ್ಟು ನಿಜವಾಗಿತ್ತು ಎಂಬ ಬಗ್ಗೆ ತಜ್ಞರಲ್ಲೇ ಭಿನ್ನಾಭಿಪ್ರಾಯವಿತ್ತು. ಆದ್ದರಿಂದ ವಾದವನ್ನು ಅದರ ಪೂರ್ಣ ಬಲದೊಂದಿಗೆ ಓದುಗರ ಮುಂದಿಡಿ. ಅನಂತರ, ಅಷ್ಟು ಅವಸರವಿದ್ದವನು 1922ರ ಏಪ್ರಿಲ್ 7ರಂದು ಟೆಂಡರ್ ಕರೆಯದೆ, ಗುಟ್ಟಾಗಿ, ಇಡೀ ಕ್ಷೇತ್ರವನ್ನು ತೈಲೋದ್ಯಮಿ ಹ್ಯಾರಿ ಸಿಂಕ್ಲೇರ್‌ನ ಮ್ಯಾಮತ್ ಆಯಿಲ್ ಕಂಪನಿಯೊಂದಕ್ಕೇ ಗುತ್ತಿಗೆ ಕೊಟ್ಟದ್ದೇಕೆ ಎಂದು ಕೇಳಿ. ಎದುರಾಳಿಯ ವಾದವನ್ನು ಬಡಕಲಾಗಿ ಚಿತ್ರಿಸಿ ಹೊಡೆದರೆ ಓದುಗರು ಅವನ ಕಡೆಗೇ ವಾಲುತ್ತಾರೆ.

ಈಗ ಒಂಬತ್ತನೆಯ ಪುಟ. ನ್ಯೂ ಮೆಕ್ಸಿಕೊದ ತ್ರೀ ರಿವರ್ಸ್‌ನಲ್ಲಿದ್ದ ಫಾಲ್‌ನ ದನಗಾವಲು ಎಸ್ಟೇಟಿನ ಬಗ್ಗೆ ತಾವು ಬರೆದ ಏಳು ಸಾಲುಗಳು ಇಡೀ ಲೇಖನದಲ್ಲಿ ಉಸಿರಾಡುವ ಭಾಗ. ವರ್ಷಗಟ್ಟಲೆ ತೆರಿಗೆ ಬಾಕಿ ಉಳಿಸಿಕೊಂಡು ಪಾಳುಬಿದ್ದಿದ್ದ ಆಸ್ತಿಯ ಬಾಕಿ ಏಕಾಏಕಿ ತೀರಿತು. ಒಳ್ಳೆಯ ರಸ್ತೆ, ತಂತಿಬೇಲಿ, ಹೊಸದಾಗಿ ನೆಟ್ಟ ಮರಗಳು ಕಾಣಿಸಿಕೊಂಡವು. ಸಿಂಕ್ಲೇರ್‌ನ ಕಡೆಯಿಂದ ದನ, ಹಂದಿ, ಒಂದು ಜಾತಿ ಕುದುರೆ ಬಂದಿಳಿದವು. ಆಲ್ಬುಕರ್ಕಿಯ ಪತ್ರಿಕಾ ಸಂಪಾದಕ ಕಾರ್ಲ್ ಮಗೀ, ಈ ಗುತ್ತಿಗೆಗಳ ತನಿಖೆ ನಡೆಸಿದ ಸೆನೆಟ್ (ಅಮೆರಿಕ ಸಂಸತ್ತಿನ ಮೇಲ್ಮನೆ) ಸಮಿತಿಯ ಮುಂದೆ ಹೇಳಿದ್ದು ಬೇರೇನನ್ನೂ ಅಲ್ಲ, ತಾನು ಹಿಂದೆ ಕಂಡ ಎಸ್ಟೇಟನ್ನು ಮತ್ತು ಆಮೇಲೆ ಕಂಡ ಎಸ್ಟೇಟನ್ನು. ಲೇಖನ ಅಲ್ಲಿಂದಲೇ ಶುರುವಾಗಲಿ. 'ಲಂಚಕೋರ', 'ನೀಚ', 'ದೇಶದ್ರೋಹಿ' ಎಂಬ ವಿಶೇಷಣಗಳನ್ನು ಎಣಿಸಿದೆ, ಇಪ್ಪತ್ತಮೂರು ಇವೆ. ಆ ಬೇಲಿಯೊಂದನ್ನು ತೋರಿಸಿದರೆ ಅವುಗಳಲ್ಲಿ ಒಂದೂ ಬೇಕಾಗುವುದಿಲ್ಲ.

ಹಣದ ಕಥೆಯನ್ನೂ ಇದೇ ನಿಧಾನದಲ್ಲಿ ಹೇಳಿ. ಆ ಸಮಿತಿಯಲ್ಲಿದ್ದ ಮೊಂಟಾನಾದ ಸೆನೆಟರ್ ಥಾಮಸ್ ವಾಲ್ಶ್, ಫಾಲ್‌ಗೆ ಹಣ ಎಲ್ಲಿಂದ ಬಂತೆಂದು ಬೆನ್ನುಹತ್ತಿದಾಗ, ಒಂದು ಲಕ್ಷ ಡಾಲರ್ ತನಗೆ ಸಾಲವಾಗಿ ಬಂದದ್ದು ಪತ್ರಿಕೆಯೊಂದರ ಮಾಲೀಕ ಮೆಕ್ಲೀನ್‌ನಿಂದ ಎಂದು ಫಾಲ್ ತಿಳಿಸಿದ. ವಾಲ್ಶ್ ಫ್ಲಾರಿಡಾದ ಪಾಮ್ ಬೀಚ್‌ಗೇ ಹೋಗಿ ಕೇಳಿದಾಗ ಮೆಕ್ಲೀನ್ ಅದನ್ನು ಅಲ್ಲಗಳೆದ. ಎಲ್ಕ್ ಹಿಲ್ಸ್ ಗುತ್ತಿಗೆ ಪಡೆದಿದ್ದ ತೈಲೋದ್ಯಮಿ ಎಡ್ವರ್ಡ್ ಡೊಹೆನಿ, ಆ ಹಣವನ್ನು ಹಳೆಯ ಗೆಳೆಯನಿಗೆ ಸಾಲವಾಗಿ ಕೊಟ್ಟವನು ತಾನೇ ಎಂದು 1924ರ ಜನವರಿಯಲ್ಲಿ ಒಪ್ಪಿಕೊಂಡ. ಆ ನಗದನ್ನು ಸಣ್ಣ ಕಪ್ಪು ಚೀಲದಲ್ಲಿ ಒಯ್ದು ಕೊಟ್ಟಿದ್ದವನು ಅವನ ಮಗ. ಸಾಲಪತ್ರ ತೋರಿಸೆಂದರೆ ಸಹಿ ಇದ್ದ ಭಾಗ ಹರಿದುಹೋದ ಕಾಗದ ಹೊರಬಂತು! ತಮ್ಮ ಲೇಖನದಲ್ಲಿ ಇದಿಷ್ಟೂ 'ಅಪಾರ ಲಂಚ ಕೈಬದಲಾಯಿತು' ಎಂಬ ಮೂರು ಪದಗಳಾಗಿ ಒಣಗಿಹೋಗಿದೆ.

'ತಪ್ಪಿತಸ್ಥರೆಲ್ಲರಿಗೂ ಶಿಕ್ಷೆಯಾಯಿತು' ಎಂದು ಬರೆದಿದ್ದೀರಿ, ಅದು ತಪ್ಪು. ಡೊಹೆನಿಯಿಂದ ಲಂಚ ಪಡೆದದ್ದಕ್ಕೆ 1929ರಲ್ಲಿ ಫಾಲ್ ದೋಷಿಯೆಂದು ತೀರ್ಪಾಯಿತು. ಅದೇ ಲಂಚವನ್ನು ಕೊಟ್ಟ ಆರೋಪದಿಂದ ಡೊಹೆನಿ 1930ರಲ್ಲಿ ಖುಲಾಸೆಯಾದ. ಸಿಂಕ್ಲೇರ್ ಒಳಸಂಚಿನ ಮೊಕದ್ದಮೆಯಲ್ಲಿ ಪಾರಾದರೂ, ಸೆನೆಟ್ ಸಮಿತಿಯ ಪ್ರಶ್ನೆಗಳಿಗೆ ಉತ್ತರಿಸಲು ನಿರಾಕರಿಸಿದ್ದಕ್ಕೆ ಮತ್ತು ಜ್ಯೂರಿಯವರ ಹಿಂದೆ ಪತ್ತೇದಾರರನ್ನು ಬಿಟ್ಟದ್ದಕ್ಕೆ ಜೈಲು ಕಂಡ. ಈ ಅಸಂಗತಿಯನ್ನು ಸರಿಪಡಿಸಲು ಹೋಗಬೇಡಿ, ಇದ್ದಂತೆ ಬರೆಯಿರಿ. 1927ರಲ್ಲಿ ಸುಪ್ರೀಂ ಕೋರ್ಟ್ ಎರಡೂ ಗುತ್ತಿಗೆಗಳನ್ನು ರದ್ದುಪಡಿಸಿದ್ದನ್ನು ಸೇರಿಸಿ. ಹಾರ್ಡಿಂಗ್‌ಗೂ ಪಾಲು ಹೋಗಿತ್ತು ಎಂಬ ವಾಕ್ಯಕ್ಕೆ ಆಧಾರವಿಲ್ಲ, ತೆಗೆಯಿರಿ. ಸಮಿತಿಯ ವಿಚಾರಣೆ 1923ರ ಅಕ್ಟೋಬರ್‌ನಲ್ಲಿ ಆರಂಭವಾಗುವ ಮುನ್ನವೇ ಅವರು ತೀರಿಕೊಂಡಿದ್ದರು. ಟೀಪಾಟ್ ಡೋಮ್ ಕ್ಷೇತ್ರ ಇಂದಿಗೂ ಸರ್ಕಾರದ ಬಳಿ ಇದೆ ಎಂದದ್ದೂ ಸರಿಯಲ್ಲ, 2015ರಲ್ಲಿ ಅದನ್ನು ಮಾರಿಯಾಗಿದೆ.

'ನಮ್ಮಲ್ಲಿಯೂ ಇಂಥವರಿಗೇನು ಕಡಿಮೆ' ಎಂದು ಶುರುವಾಗುವ ಕೊನೆಯ ಪುಟವನ್ನು ನಾನೇ ಅಡ್ಡಗೆರೆ ಎಳೆದು ಹೊಡೆದಿದ್ದೇನೆ. ಹಸ್ತಪ್ರತಿಯನ್ನು ಗುರುತುಗಳೊಂದಿಗೆ ಹಿಂತಿರುಗಿಸುತ್ತಿದ್ದೇನೆ. ಎಂಟು ಪುಟಕ್ಕೆ ಇಳಿಸಿ, ಎಸ್ಟೇಟಿನ ಬೇಲಿಯಿಂದ ಶುರುಮಾಡಿ ಬರೆದು ಕಳುಹಿಸಿದರೆ ಮತ್ತೊಮ್ಮೆ ಓದಲು ಸಿದ್ಧನಿದ್ದೇನೆ.

ಇಂತಿ,
ಸಂಪಾದಕ