ಪಿಕಪ್ ಸ್ಟೇರಿಂಗ್ ಸಡಿಲಿಕೆ ಮತ್ತು ‘ಟಕ್’ ಸದ್ದು: ಪ್ರತಿಕ್ರಿಯೆ

ಸೇಡಂ ರಸ್ತೆಯಲ್ಲಿ ತೊಗರಿ ಚೀಲ ಹೇರಿಕೊಂಡು ಬರುವಾಗ ಸ್ಟೇರಿಂಗ್ ಎರಡು ಬೆರಳಷ್ಟು ಸುಮ್ಮನೆ ತಿರುಗುತ್ತದೆ, ಗುಂಡಿಗೆ ಇಳಿದರೆ ಮುಂಭಾಗದಲ್ಲಿ ‘ಟಕ್’ ಎನ್ನುತ್ತದೆ ಎಂದಿದ್ದೀರಿ. ಟೈ ರಾಡ್ ಎಂಡ್ (ಸ್ಟೇರಿಂಗಿನ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ರಾಡಿನ ತುದಿಯ ಕೀಲು) ಸವೆದಿರುವ ಸಾಧ್ಯತೆಯೇ ಹೆಚ್ಚು. ನನ್ನ ಪಿಕಪ್ಪಿನಲ್ಲಿ ಅದರ ರಬ್ಬರ್ ಬೂಟು ಹರಿದು ಎರೆಮಣ್ಣಿನ ಧೂಳು ಒಳಸೇರಿತ್ತು. ಆದರೆ ಚಕ್ರದ ಬೇರಿಂಗ್ ಅಥವಾ ಸ್ಟೇರಿಂಗ್ ಬಾಕ್ಸಿನ (ಸ್ಟೇರಿಂಗ್ ಕಂಬದ ಬುಡದ ಗೇರ್ ಪೆಟ್ಟಿಗೆ) ದೋಷವೂ ಹೀಗೆಯೇ ಕಾಣಿಸಬಹುದಾದ್ದರಿಂದ, ಪರೀಕ್ಷಿಸದೆ ಬಿಡಿಭಾಗ ಕೊಳ್ಳಬೇಡಿ.

ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಒಬ್ಬರು ಸ್ಟೇರಿಂಗನ್ನು ಎಡಬಲಕ್ಕೆ ಸ್ವಲ್ಪವೇ ಅಲುಗಿಸುತ್ತಿರುವಾಗ ನೀವು ಪ್ರತಿಯೊಂದು ಜಾಯಿಂಟಿನ ಮೇಲೂ ಕೈಯಿಟ್ಟು ನೋಡಿ. ರಾಡು ಅಲುಗಿದ ಮೇಲೆ ತಡವಾಗಿ ಚಕ್ರ ಅಲುಗಿದರೆ ದೋಷ ಅಲ್ಲಿಯೇ ಇದೆ. ಬಳಿಕ ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂಭಾಗವನ್ನು ಜಾಕಿನಿಂದ ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಿ (ಬರೀ ಜಾಕನ್ನು ನಂಬಿ ಕೆಳಗೆ ನುಸುಳಬೇಡಿ), ಚಕ್ರವನ್ನು ಎಡಬಲ ಹಿಡಿದು, ನಂತರ ಮೇಲೆಕೆಳಗೆ ಹಿಡಿದು ಅಲುಗಿಸಿ. ಎಡಬಲದಲ್ಲಿ ಮಾತ್ರ ಆಡಿದರೆ ಸಾಮಾನ್ಯವಾಗಿ ಟೈ ರಾಡ್. ಮೇಲೆಕೆಳಗೆ ಆಡಿದರೆ ಬ್ರೇಕ್ ತುಳಿಸಿ ನೋಡಿ: ಆಟ ನಿಂತರೆ ಬೇರಿಂಗ್, ನಿಲ್ಲದಿದ್ದರೆ ಬಾಲ್ ಜಾಯಿಂಟ್ ಅಥವಾ ಕಿಂಗ್ ಪಿನ್ (ಎರಡೂ ಮುಂಚಕ್ರ ತಿರುಗಲು ಆಧಾರವಾದ ಕೀಲುಗಳು).

ಟೈ ರಾಡ್ ಎಂಡ್ ಬದಲಿಸುವಾಗ ಹಳೆಯದು ಎಷ್ಟು ಸುತ್ತಿಗೆ ಹೊರಬಂತೆಂದು ಎಣಿಸಿ, ಹೊಸದನ್ನು ಅಷ್ಟೇ ಸುತ್ತು ಕೂರಿಸಿ. ಒಂದು ಬದಿಯ ಮರೆ (ತಿರುಪಿನ ಸುರುಳಿ ಗೆರೆ) ಉಲ್ಟಾ ಇರಬಹುದು, ಬಲವಂತ ಬೇಡ. ನಟ್ಟಿನ ಸೀಳು ಲಾಕ್ ಪಿನ್ನಿನ (ನಟ್ಟು ಕಳಚದಂತೆ ತಡೆಯುವ ಪಿನ್) ರಂಧ್ರಕ್ಕೆ ಹೊಂದದಿದ್ದರೆ ನಟ್ಟನ್ನು ಇನ್ನಷ್ಟು ಬಿಗಿಮಾಡಿ, ಎಂದಿಗೂ ಸಡಿಲಿಸಬೇಡಿ, ಮತ್ತು ಹೊಸ ಪಿನ್ನನ್ನೇ ಹಾಕಿ. ಅಲ್ಲಿಂದ ನೇರವಾಗಿ, ನಿಧಾನವಾಗಿ, ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಹೊಂದಿಸುವುದು) ಮಾಡಿಸಲು ಹೋಗಿ. ಅದಕ್ಕೆ ಮುಂಚೆ ಲೋಡು ಹೇರಬೇಡಿ.