31 ಇಂಚಿನ ಟೈರ್ ಹಾಕಿದ ಮೇಲೆ ಜೀಪು ಏರಿನಲ್ಲಿ ಉಸಿರುಗಟ್ಟುತ್ತದೆ ಎಂದವರಿಗೆ

ಎಂಜಿನ್ ಬಿಚ್ಚಿಸಲು ಈಗಲೇ ಹೋಗಬೇಡಿ. 215/75 ಆರ್15 ಅಳತೆಯ ಟೈರ್ ತೆಗೆದು 31 ಇಂಚಿನದ್ದು ಹಾಕಿದ್ದೀರಿ, ಕ್ರೌನ್ ಪಿನಿಯನ್ (ಆಕ್ಸಲ್‌ನಲ್ಲಿ ಚಕ್ರ ತಿರುಗಿಸುವ ಗೇರ್ ಜೋಡಿ) ಮಾತ್ರ ಹಳೆಯ 4.88 ರದ್ದೇ, ಅಂದರೆ ಚಕ್ರ ಒಂದು ಸುತ್ತಲು ಗೇರ್‌ಬಾಕ್ಸಿನಿಂದ ಬರುವ ಶಾಫ್ಟ್ 4.88 ಸುತ್ತಬೇಕು. ಕೊಡಗಿನ ಮಂಡಲ್‌ಪಟ್ಟಿ ಏರಿನಲ್ಲಿ ಸೆಕೆಂಡ್ ಗೇರು ಎಳೆಯುತ್ತಿಲ್ಲ ಎಂದರೆ ಅದರಲ್ಲಿ ಆಶ್ಚರ್ಯವೇನಿಲ್ಲ.

ಹಳೆಯ ಟೈರಿನ ಎತ್ತರ ಸುಮಾರು 703 ಮಿ.ಮೀ., ಹೊಸದರದ್ದು 787. ಅಂದರೆ ಚಕ್ರ ಒಂದು ಸುತ್ತಿಗೆ ಶೇ. 12ರಷ್ಟು ಹೆಚ್ಚು ದೂರ ಹೋಗುತ್ತದೆ. ಟಾಪ್ ಗೇರು ನೇರ 1:1 (ಎಂಜಿನ್ ಒಂದು ಸುತ್ತಿದರೆ ಶಾಫ್ಟೂ ಒಂದು ಸುತ್ತು) ಎಂದಿಟ್ಟುಕೊಂಡರೆ, ಗಂಟೆಗೆ 60 ಕಿ.ಮೀ.ನಲ್ಲಿ ಮೊದಲು ನಿಮಿಷಕ್ಕೆ 2200 ಸುತ್ತಿನ ಆಸುಪಾಸು ತಿರುಗುತ್ತಿದ್ದ ಎಂಜಿನ್ ಈಗ 1970ಕ್ಕೆ ಇಳಿದಿದೆ. ಕುಶಾಲನಗರದ ಕಡೆಯ ಸಮತಟ್ಟು ರಸ್ತೆಯಲ್ಲಿ ಇದು ಹಿತವೇ. ಏರಿನಲ್ಲಿ ಮಾತ್ರ ಚಕ್ರಕ್ಕೆ ಸಿಗುವ ಎಳೆತ ಶೇ. 11ರಷ್ಟು ಕಡಿಮೆ. ಸಂಪಾಜೆ ಘಾಟಿ ಇಳಿಯುವಾಗ ಎಂಜಿನ್ ಹಿಡಿತವೂ ಸಡಿಲ, ಬ್ರೇಕ್ ಮೇಲೆ ಭಾರ ಹೆಚ್ಚು.

5.38ರ ಕ್ರೌನ್ ಪಿನಿಯನ್ ಹಾಕಿಸಿದರೆ ಅದೇ 60ಕ್ಕೆ 2175 ಆಗುತ್ತದೆ, ಹೆಚ್ಚುಕಮ್ಮಿ ಮೊದಲಿನ ಹಾಗೇ. ಆದರೆ ಫೋರ್ ವೀಲ್ ಡ್ರೈವ್ ಇದ್ದರೆ ಮುಂದಿನದೂ ಹಿಂದಿನದೂ ಒಟ್ಟಿಗೆ ಬದಲಾಗಲೇಬೇಕು. ಹಿಂದಿನದು ಮಾತ್ರ ಸಾಕು ಎನ್ನುವ ಮೆಕ್ಯಾನಿಕ್ ಸಿಕ್ಕರೆ ಕೈಮುಗಿದು ಬನ್ನಿ, ಫೋರ್ ವೀಲ್ ಹಾಕಿದ ದಿನವೇ ಟ್ರಾನ್ಸ್‌ಫರ್ ಕೇಸ್ (ಎಂಜಿನ್ ಬಲವನ್ನು ಮುಂದಿನ, ಹಿಂದಿನ ಆಕ್ಸಲ್‌ಗಳಿಗೆ ಹಂಚುವ ಗೇರ್ ಪೆಟ್ಟಿಗೆ) ತಿಕ್ಕಾಡಿ ಕೂರುತ್ತದೆ.

ನನ್ನನ್ನು ಕೇಳಿದರೆ, ತೋಟದೊಳಗೆ ಕಾಫಿ ಮೂಟೆ ಹೊರುವ ಗಾಡಿಗೆ ಅಷ್ಟು ಖರ್ಚು ಬೇಡ. 235/75 ಆರ್15 ಹಾಕಿ, ವ್ಯತ್ಯಾಸ ಶೇ. 4 ಮಾತ್ರ, ಕಡಿದಾದ ಕಡೆ ಲೋ ರೇಂಜ್ (ವೇಗ ಇಳಿಸಿ ಎಳೆತ ಹೆಚ್ಚಿಸುವ ಗೇರ್) ಬಳಸಿ. ಮತ್ತೆ, ಈಗಿನ ಟೈರಿನಲ್ಲಿ ಮೀಟರ್ 60 ತೋರಿಸಿದಾಗ ನೀವು ನಿಜವಾಗಿ 67ರಲ್ಲಿರುತ್ತೀರಿ.